ಊರೂರು ಸುತ್ತುವ ತೊಟ್ಟಿಲಿಗೆ ವಿಮೆಯ ವಿಳಾಸ ಯಾವುದು?

ಮಹಾಶಿವರಾತ್ರಿಯ ಆಸುಪಾಸಿನ ದಿನಗಳಲ್ಲಿ ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ರಾಮಲಿಂಗೇಶ್ವರ ಸ್ವಾಮಿಯ ಜಾತ್ರೆ ನೆರೆಯುತ್ತದೆ. ದನಗಳ ಜಾತ್ರೆ ಎಂದೇ ಹೆಸರಾದ ಈ ಪರಿಷೆಯಲ್ಲಿ ರಾಸುಗಳ ಸಾಲು ಒಂದು ಕಡೆ, ಬಳೆ, ಬತ್ತಾಸು, ಪಾತ್ರೆ ಪಡಗಗಳ ಅಂಗಡಿಗಳ ಸಾಲು ಇನ್ನೊಂದು ಕಡೆ. ಇವುಗಳ ನಡುವೆ ಸಂಜೆಯಾಗುತ್ತಲೇ ಬಣ್ಣದ ದೀಪ ಹೊತ್ತು ತಿರುಗತೊಡಗುವುದು ಜಾಯಿಂಟ್ ವೀಲ್. ಹಿಂದಿನವರು ರಂಕಲರಾಟೆ ಎಂದು ಕರೆಯುತ್ತಿದ್ದ ಮರದ ತೊಟ್ಟಿಲುಗಳ ಜಾಗದಲ್ಲಿ ಇಂದು ಉಕ್ಕಿನ ಚಕ್ರ, ಕೊಲಂಬಸ್ ದೋಣಿ, ಮಕ್ಕಳ ರೈಲು, ಡೀಸೆಲ್ ಜನರೇಟರ್ ಬಂದಿವೆ. ಮಾಲೂರು ತಾಲ್ಲೂಕಿನ ಚಿಕ್ಕತಿರುಪತಿಯ ಉತ್ಸವ, ಕೋಲಾರ ನಗರದ ಮೈದಾನಗಳಲ್ಲಿ ನಡೆಯುವ ವಸ್ತುಪ್ರದರ್ಶನ, ಶ್ರೀನಿವಾಸಪುರದ ಸುತ್ತಲ ಗ್ರಾಮದೇವತೆಗಳ ಜಾತ್ರೆ ಹೀಗೆ ಒಂದೊಂದು ಊರಿನಲ್ಲಿ ಹತ್ತು ಹದಿನೈದು ದಿನ ನಿಂತು ಮುಂದಿನ ಊರಿಗೆ ಸಾಗುವುದೇ ಈ ಉದ್ಯಮದ ಸ್ವರೂಪ.

ಈ ಉದ್ಯಮದಲ್ಲಿ ತೊಡಗಿಸಿರುವ ಬಂಡವಾಳ ಸಣ್ಣದಲ್ಲ. ಯಂತ್ರಗಳ ಮೇಲೆ ಸಾಲವಿರುತ್ತದೆ, ಲಾರಿಗಳ ಮೇಲೆ ಕಂತು ಇರುತ್ತದೆ, ಹತ್ತಿಪ್ಪತ್ತು ಜನ ಕೆಲಸಗಾರರ ಜೀವನ ಅದರ ಮೇಲೆ ನಿಂತಿರುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಪ್ರತಿ ಸಂಜೆ ನೂರಾರು ಅಪರಿಚಿತರ ಮಕ್ಕಳು ಆ ತೊಟ್ಟಿಲುಗಳಲ್ಲಿ ಕುಳಿತಿರುತ್ತಾರೆ. ಆದರೂ ಒಂದು ಬೋಲ್ಟ್ ಸಡಿಲವಾಗಿ ತೊಟ್ಟಿಲೊಂದು ಕಳಚಿ ಬಿದ್ದರೆ ಪರಿಹಾರ ಕೊಡುವವರು ಯಾರು ಎಂದು ಕೇಳಿದರೆ ಮಾಲೀಕರು ಗುತ್ತಿಗೆದಾರರತ್ತಲೂ, ಗುತ್ತಿಗೆದಾರರು ಜಾತ್ರಾ ಸಮಿತಿಯತ್ತಲೂ, ಸಮಿತಿಯವರು ದೇವರತ್ತಲೂ ನೋಡುವ ಪರಿಸ್ಥಿತಿಯಿದೆ. ವಿಮೆ ಮಾಡಿಸಲು ಹೊರಟ ಮಾಲೀಕರಿಗೂ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: "ಇಂಥದ್ದಕ್ಕೆಲ್ಲ ವಿಮೆ ಸಿಗುವುದಿಲ್ಲ."

ಈ ಉತ್ತರ ಅರ್ಧ ಮಾತ್ರ ನಿಜ. ವಿಮೆಯ ಪಾಲಿಸಿಗಳು ಇವೆ. ಇಲ್ಲದಿರುವುದು ಆ ಪಾಲಿಸಿಗಳಿಗೆ ಬೇಕಾದ ವಿಳಾಸ, ದಾಖಲೆ ಹಾಗೂ ಮೌಲ್ಯಮಾಪನ. ಅವುಗಳೊಂದಿಗೆ, ವಿಮೆ ಮಾಡಿಸಿದವನಿಗೆ ನಷ್ಟವಾಗದಂತಹ ಹರಾಜು ಪದ್ಧತಿಯೂ ಇಲ್ಲವಾಗಿದೆ.

ಪಾಲಿಸಿ ವಿಳಾಸಕ್ಕೆ ಅಂಟಿಕೊಂಡಿದೆ

ವರ್ತಕರಿಗೆ ಚಿರಪರಿಚಿತವಾದುದು ಅಗ್ನಿ ವಿಮೆ. 2021ರ ಏಪ್ರಿಲ್ 1ರಿಂದ, ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿಯವರೆಗಿನ ಆಸ್ತಿಯುಳ್ಳ ಉದ್ಯಮಗಳಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಏಕರೂಪದ ಪಾಲಿಸಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು ಜಾರಿಗೆ ತಂದಿದೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಗಲಭೆ ಮುಂತಾದ ಅಪಾಯಗಳಿಗೆ ಇದು ರಕ್ಷಣೆ ನೀಡುತ್ತದೆ.

ಆದರೆ ಅಗ್ನಿ ವಿಮೆಯ ಪಾಲಿಸಿಗಳಲ್ಲಿ ಹಿಂದಿನಿಂದಲೂ ಒಂದು ಷರತ್ತಿದೆ. ಪಾಲಿಸಿಯಲ್ಲಿ ನಮೂದಿಸಿದ ಸ್ಥಳದಿಂದ ಬೇರೆಡೆಗೆ ಸಾಗಿಸಿದ ಆಸ್ತಿಗೆ ರಕ್ಷಣೆಯಿಲ್ಲ. ದುರಸ್ತಿ, ಶುಚಿಗೊಳಿಸುವಿಕೆ ಮುಂತಾದ ಉದ್ದೇಶಕ್ಕೆ ತಾತ್ಕಾಲಿಕವಾಗಿ, 60 ದಿನ ಮೀರದಂತೆ ಕಳುಹಿಸಿದ ಯಂತ್ರಗಳಿಗಷ್ಟೇ ವಿನಾಯಿತಿ. ಊರಿನಿಂದ ಊರಿಗೆ ಸಾಗುವುದೇ ಕಸುಬಾಗಿರುವ ಉದ್ಯಮಕ್ಕೆ ಈ ಒಂದು ಷರತ್ತು ಇಡೀ ಪಾಲಿಸಿಯನ್ನೇ ನಿರುಪಯುಕ್ತವಾಗಿಸಬಲ್ಲದು. ಕೋಲಾರದ ಗೋದಾಮಿನ ವಿಳಾಸಕ್ಕೆ ಪಾಲಿಸಿ ಪಡೆದು, ಪ್ರತಿ ವರ್ಷ ತಪ್ಪದೆ ಪ್ರೀಮಿಯಂ ಕಟ್ಟುತ್ತ ಬಂದ ಮಾಲೀಕನ ಯಂತ್ರ ಆವಣಿಯ ಬಯಲಿನಲ್ಲಿ ಸುಟ್ಟುಹೋದರೆ, ಕಾಗದದ ಪ್ರಕಾರ ಅದು ವಿಮೆಯಿಲ್ಲದ ಯಂತ್ರ.

ಇದಕ್ಕೆ ಪರಿಹಾರವಿಲ್ಲದಿಲ್ಲ. ಪ್ರಸ್ತಾವನಾ ನಮೂನೆಯಲ್ಲಿಯೇ ವ್ಯವಹಾರದ ಸಂಚಾರಿ ಸ್ವರೂಪವನ್ನು ಸ್ಪಷ್ಟವಾಗಿ ಬರೆದು, ವರ್ಷದ ಸಂಭಾವ್ಯ ಜಾತ್ರೆಗಳ ಪಟ್ಟಿಯನ್ನು ಲಗತ್ತಿಸಿ, ಹೊಸ ಸ್ಥಳಕ್ಕೆ ಹೋಗುವ ಮುನ್ನ ಲಿಖಿತ ಸೂಚನೆ ನೀಡಿ ಪಾಲಿಸಿಗೆ ತಿದ್ದುಪಡಿ ಪತ್ರ ಪಡೆಯುವ ಏರ್ಪಾಡನ್ನು ವಿಮಾ ಕಂಪನಿಯೊಡನೆ ಮೊದಲೇ ಮಾಡಿಕೊಳ್ಳಬೇಕು. ವಿಮೆ ಪರಮ ವಿಶ್ವಾಸದ ಕರಾರು. ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟು ಪ್ರೀಮಿಯಂ ಉಳಿಸಿದವನು ಪರಿಹಾರದ ದಿನ ಪೂರ್ತಿ ಕಳೆದುಕೊಳ್ಳುತ್ತಾನೆ.

ನಾಲ್ಕು ಅಪಾಯ, ನಾಲ್ಕು ಪಾಲಿಸಿ

ಜಾತ್ರೆಯ ಉದ್ಯಮಕ್ಕೆ 'ಒಂದು ವಿಮೆ' ಎಂಬುದಿಲ್ಲ. ಅಪಾಯಗಳನ್ನು ಬಿಡಿಸಿ ನೋಡಿದರೆ ಮಾತ್ರ ಯಾವ ಪಾಲಿಸಿ ಎಲ್ಲಿ ನಿಲ್ಲುತ್ತದೆ ಎಂಬುದು ತಿಳಿಯುತ್ತದೆ.

ಮೊದಲನೆಯದು, ಮೇಲೆ ಹೇಳಿದಂತೆ ಯಂತ್ರೋಪಕರಣಗಳ ವಿಮೆ.

ಎರಡನೆಯದು, ಸಾಗಾಣಿಕೆಯ ಅಪಾಯ. ಲಾರಿಗೆ ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಕಡ್ಡಾಯವಾಗಿರುವ ಮೂರನೆಯ ವ್ಯಕ್ತಿ ವಿಮೆಯು ಲಾರಿಯಿಂದ ಇತರರಿಗಾಗುವ ಹಾನಿಗೆ ಸಂಬಂಧಿಸಿದ್ದು. ಲಾರಿಯ ಮೇಲಿರುವ ಚಕ್ರದ ಭಾಗಗಳಿಗೆ ಅದು ಅನ್ವಯಿಸದು. ಅವುಗಳಿಗೆ ಒಳನಾಡು ಸಾಗಾಣಿಕೆ ವಿಮೆ ಬೇರೆಯೇ ಬೇಕು. ಇಲ್ಲಿ ಮತ್ತೊಂದು ಎಚ್ಚರಿಕೆಯ ಮಾತಿದೆ. ಊರು ಬದಲಿಸುವಾಗ ಕೆಲಸಗಾರರ ಮನೆಮಂದಿ, ಮಕ್ಕಳು ಸರಕಿನ ಮೇಲೆಯೇ ಕುಳಿತು ಪ್ರಯಾಣಿಸುವುದು ಸಾಮಾನ್ಯ ದೃಶ್ಯ. ಸರಕು ವಾಹನದಲ್ಲಿ ಹೀಗೆ ಉಚಿತವಾಗಿ ಪ್ರಯಾಣಿಸುವವರಿಗೆ ಪರಿಹಾರ ನೀಡುವ ಹೊಣೆ ವಿಮಾ ಕಂಪನಿಯದಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2002ರ ಆಶಾ ರಾಣಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಅಂದರೆ ಆ ಹೊಣೆ ಲಾರಿ ಮಾಲೀಕನ ಹೆಗಲಿಗೇ ಬರುತ್ತದೆ.

ಮೂರನೆಯದು, ಕೆಲಸಗಾರರ ಅಪಾಯ. ಬಹುಕಾಲ ಜಾರಿಯಲ್ಲಿದ್ದ 1923ರ ಕಾಯ್ದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದಿದೆಯಾದರೂ ಪರಿಹಾರದ ಲೆಕ್ಕದ ಮೂಲತತ್ತ್ವ ಬದಲಾಗಿಲ್ಲ. ಕೆಲಸದ ವೇಳೆ ಅಪಘಾತದಿಂದ ಮರಣವಾದರೆ ಮಾಸಿಕ ವೇತನದ ಅರ್ಧವನ್ನು ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸಬೇಕು. ಲೆಕ್ಕಕ್ಕೆ 15,000 ರೂ. ಮಾಸಿಕ ವೇತನದ 30 ವರ್ಷದ ಕೆಲಸಗಾರನನ್ನು ತೆಗೆದುಕೊಂಡರೆ ಗುಣಕ 207.98, ಪರಿಹಾರ 15,59,850 ರೂಪಾಯಿ. ಒಂದು ಋತುವಿನ ಲಾಭವನ್ನೆಲ್ಲ ಸುರಿದರೂ ಸಣ್ಣ ಮಾಲೀಕನೊಬ್ಬ ಇದನ್ನು ಕೈಯಿಂದ ಕೊಡಲಾರ. ಈ ಹೊಣೆಯನ್ನು ವಿಮಾ ಕಂಪನಿಗೆ ವರ್ಗಾಯಿಸುವ ಪಾಲಿಸಿ ಸುಲಭವಾಗಿ ದೊರೆಯುತ್ತದೆ. ಕೆಲಸಗಾರರ ಸಂಖ್ಯೆ, ಕೆಲಸದ ಸ್ವರೂಪ, ನಿಜವಾದ ವೇತನ ಇವುಗಳನ್ನು ಮುಚ್ಚಿಡದೆ ತಿಳಿಸಬೇಕಷ್ಟೆ. ಇದಲ್ಲದೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಬ್ಯಾಂಕ್ ಖಾತೆಯುಳ್ಳ 18ರಿಂದ 70 ವಯಸ್ಸಿನ ಪ್ರತಿಯೊಬ್ಬರಿಗೂ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷ ರೂಪಾಯಿಯ ಅಪಘಾತ ವಿಮೆಯಿದೆ. ಇದು ಮಾಲೀಕನ ಕಾನೂನಿನ ಹೊಣೆಗೆ ಬದಲಿಯಲ್ಲ. ಆದರೂ ಕೆಲಸಗಾರರೆಲ್ಲರನ್ನೂ ಇದಕ್ಕೆ ಸೇರಿಸದಿರಲು ಯಾವ ನೆಪವೂ ಇಲ್ಲ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು ಹಾಗೂ ಎಲ್ಲಕ್ಕಿಂತ ಉಪೇಕ್ಷಿತವಾದುದು, ಸಾರ್ವಜನಿಕರ ಬಗೆಗಿನ ಹೊಣೆಗಾರಿಕೆ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಇರುವುದರಿಂದ ಇದು ಎಲ್ಲರಿಗೂ ಕಡ್ಡಾಯ ಎಂದು ಕೆಲವರು ಭಾವಿಸಿದ್ದಾರೆ. ಆ ಕಾಯ್ದೆ ಭೋಪಾಲ್ ದುರಂತದ ತರುವಾಯ ಅಪಾಯಕಾರಿ ರಾಸಾಯನಿಕಗಳನ್ನು ಬಳಸುವ ಉದ್ಯಮಗಳಿಗಾಗಿ ಬಂದದ್ದು. ತಿರುಗುವ ತೊಟ್ಟಿಲಿಗೆ ಅದು ಅನ್ವಯಿಸದು. ಮನರಂಜನಾ ಉದ್ಯಮದವರು ಪಡೆಯಬೇಕಾದುದು ಕೈಗಾರಿಕೇತರ ಅಪಾಯಗಳ ಸಾರ್ವಜನಿಕ ಹೊಣೆಗಾರಿಕೆ ಪಾಲಿಸಿ. ಇದರಲ್ಲಿ ಎರಡು ಮಿತಿಗಳಿರುತ್ತವೆ: ಒಂದು ಅಪಘಾತಕ್ಕೆ ಎಷ್ಟು, ಇಡೀ ವರ್ಷಕ್ಕೆ ಎಷ್ಟು. ವರ್ಷದ ಮಿತಿಯ ದೊಡ್ಡ ಅಂಕಿಯನ್ನು ನೋಡಿ ಸಮಾಧಾನಪಟ್ಟುಕೊಳ್ಳುವುದು ತಪ್ಪು. ತೊಟ್ಟಿಲು ಬಿದ್ದ ದಿನ ಲೆಕ್ಕಕ್ಕೆ ಬರುವುದು ಒಂದು ಅಪಘಾತದ ಮಿತಿ ಮಾತ್ರ. ಪರವಾನಗಿ ಇಲ್ಲದೆ, ಅಥವಾ ನಿಯಮ ಮುರಿದಿರುವುದು ಗೊತ್ತಿದ್ದೂ ಯಂತ್ರ ನಡೆಸಿದ್ದರೆ ಪರಿಹಾರ ಸಿಗುವುದಿಲ್ಲವೆಂಬುದನ್ನೂ ನೆನಪಿಡಬೇಕು.

ಈ ನಾಲ್ಕಕ್ಕೂ ಒಂದು ಸಾಮಾನ್ಯ ನಿಯಮವಿದೆ. ವಿಮಾ ಕಾಯ್ದೆ, 1938ರ 64ವಿಬಿ ಪ್ರಕರಣದಂತೆ ಪ್ರೀಮಿಯಂ ಮುಂಗಡವಾಗಿ ಸಂದಾಯವಾಗದೆ ವಿಮಾ ಕಂಪನಿ ಅಪಾಯವನ್ನು ವಹಿಸಿಕೊಳ್ಳುವಂತಿಲ್ಲ. "ಜಾತ್ರೆ ಮುಗಿದ ಮೇಲೆ ಕೊಡುತ್ತೇನೆ" ಎಂಬ ಮಾತು ಮಂಡಿಯಲ್ಲಿ ನಡೆದೀತು, ವಿಮೆಯಲ್ಲಿ ನಡೆಯದು.

ಪುಸ್ತಕದ ಬೆಲೆ, ಮಾರುಕಟ್ಟೆಯ ಬೆಲೆ

ವಿಮಾ ಮೊತ್ತವನ್ನು ಜಮಾ-ಖರ್ಚಿನ ಪಟ್ಟಿಯಿಂದ ನಕಲು ಮಾಡುವ ಅಭ್ಯಾಸ ವರ್ತಕರಲ್ಲಿ ವ್ಯಾಪಕವಾಗಿದೆ. ಇದು ದುಬಾರಿಯಾದ ತಪ್ಪು. ಆದಾಯ ತೆರಿಗೆಯ ಲೆಕ್ಕದಲ್ಲಿ ಯಂತ್ರೋಪಕರಣಕ್ಕೆ ಸಾಮಾನ್ಯವಾಗಿ ವರ್ಷಕ್ಕೆ ಶೇ. 15ರಂತೆ ಸವಕಳಿ ಕಳೆಯಲಾಗುತ್ತದೆ. 10 ಲಕ್ಷ ರೂಪಾಯಿಗೆ ಕೊಂಡ ಯಂತ್ರ ಐದು ವರ್ಷದ ನಂತರ ಪುಸ್ತಕದಲ್ಲಿ ಸುಮಾರು 4.44 ಲಕ್ಷಕ್ಕೆ ಇಳಿದಿರುತ್ತದೆ. ಆದರೆ ಅಂತಹುದೇ ಸ್ಥಿತಿಯ ಯಂತ್ರದ ಇಂದಿನ ಬೆಲೆ 8 ಲಕ್ಷವಿದ್ದಲ್ಲಿ, 4.44 ಲಕ್ಷಕ್ಕೆ ವಿಮೆ ಮಾಡಿಸಿದವನು ಅರ್ಧಕ್ಕೆ ಸ್ವಲ್ಪ ಹೆಚ್ಚಿನ ಭಾಗಕ್ಕಷ್ಟೇ ವಿಮೆ ಮಾಡಿಸಿದಂತಾಯಿತು. ಬಿರುಗಾಳಿಗೆ ಸಿಕ್ಕಿ 3 ಲಕ್ಷ ರೂಪಾಯಿ ನಷ್ಟವಾದರೆ ಅದೇ ಪ್ರಮಾಣದಲ್ಲಿ ದೊರೆಯುವುದು ಸುಮಾರು 1.66 ಲಕ್ಷ ಮಾತ್ರ. ಸೂಕ್ಷ್ಮ ಉದ್ಯಮ ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆಯನ್ನು ಮನ್ನಿಸಲಾಗುತ್ತದೆ. ಶೇ. 44ರ ಕೊರತೆಯನ್ನು ಅದು ಮುಚ್ಚದು.

ಇನ್ನು ಕೆಲವರ ಬಳಿ ಪುಸ್ತಕವೇ ಇರುವುದಿಲ್ಲ. ಅಂದಾಜು ಲಾಭದ ಆಧಾರದ ಮೇಲೆ ತೆರಿಗೆ ಕಟ್ಟುವವರಿಗೆ ಲೆಕ್ಕಪುಸ್ತಕದ ಹೊರೆ ಕಡಿಮೆ ಎಂಬುದು ನಿಜ. ಆದರೆ ಯಂತ್ರ ಕೊಂಡ ರಸೀದಿ, ಬಿಡಿಭಾಗಗಳ ಬಿಲ್ಲು, ವೆಲ್ಡಿಂಗ್ ಮಾಡಿಸಿದ ಚೀಟಿ, ಫೋಟೊ ಯಾವುದೂ ಇಲ್ಲದೆ ನಷ್ಟದ ಸಮೀಕ್ಷಕರ ಮುಂದೆ ನಿಂತವನ ಮಾತಿಗೆ ಬೆಲೆ ಬರುವುದು ಹೇಗೆ? ಒಂದು ಆಸ್ತಿ ವಹಿ, ಅದರಲ್ಲಿ ಪ್ರತಿ ಯಂತ್ರಕ್ಕೊಂದು ಪುಟ, ಪ್ರತಿ ಊರಿನಲ್ಲಿ ಜೋಡಿಸಿದ ಮೇಲೆ ನಡೆಸಿದ ಪರೀಕ್ಷೆಯ ದಿನಾಂಕ ಮತ್ತು ಸಹಿ ಇಷ್ಟು ಸಾಕು. ಈ ವಹಿ ಪರಿಹಾರಕ್ಕೆ ಸಾಕ್ಷಿ, ನ್ಯಾಯಾಲಯದಲ್ಲಿ ಎಚ್ಚರಿಕೆಗೂ ಸಾಕ್ಷಿ.

ನ್ಯಾಯಾಲಯಗಳು ಹೇಳಿರುವುದು

ಕರ್ನಾಟಕ ಮರೆಯಲಾಗದ ಒಂದು ದಿನ 1981ರ ಫೆಬ್ರವರಿ 7. ಅಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್‌ನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಅಸುನೀಗಿದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಅನಂತರದ ದಶಕಗಳಲ್ಲಿಯೂ ಇಂತಹ ದುರಂತಗಳು ನಿಂತಿಲ್ಲ. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ಯಂತ್ರದ ತೊಟ್ಟಿಲು ಮುರಿದು ಇಬ್ಬರು ಮೃತಪಟ್ಟರು. 2022ರ ಸೆಪ್ಟೆಂಬರಿನಲ್ಲಿ ಮೊಹಾಲಿಯ ಜಾತ್ರೆಯೊಂದರಲ್ಲಿ ಎತ್ತರದಿಂದ ಯಂತ್ರ ಕುಸಿದು ಹಲವರು ಗಾಯಗೊಂಡರು.

ವರ್ತಕ ಸಮುದಾಯ ವಿಶೇಷವಾಗಿ ಗಮನಿಸಬೇಕಾದುದು ಮೀರತ್ ಪ್ರಕರಣವನ್ನು. 2006ರ ಏಪ್ರಿಲ್ 10ರಂದು ಅಲ್ಲಿನ ವಿಕ್ಟೋರಿಯಾ ಪಾರ್ಕಿನ ಗ್ರಾಹಕ ವಸ್ತುಪ್ರದರ್ಶನದಲ್ಲಿ ಬೆಂಕಿ ಹೊತ್ತಿ 65 ಮಂದಿ ಪ್ರಾಣ ಕಳೆದುಕೊಂಡರು. ಪೆಂಡಾಲು ಹಾಕಿದ್ದು, ವಿದ್ಯುತ್ ವ್ಯವಸ್ಥೆ ಮಾಡಿದ್ದು ಗುತ್ತಿಗೆದಾರ, ಆದ್ದರಿಂದ ಹೊಣೆ ಅವನದೇ ಎಂಬ ಸಂಘಟಕರ ವಾದವನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. 2022ರ ಏಪ್ರಿಲ್ ತೀರ್ಪಿನಲ್ಲಿ ಪರಿಹಾರದ ಶೇ. 60ರಷ್ಟು ಹೊಣೆಯನ್ನು ಸಂಘಟಕರ ಮೇಲೂ, ಶೇ. 40ರಷ್ಟನ್ನು ರಾಜ್ಯ ಸರ್ಕಾರದ ಮೇಲೂ ಹೊರಿಸಿತು. ಅಂದರೆ "ನೆಲ ಬಾಡಿಗೆಗೆ ಕೊಟ್ಟಿದ್ದಷ್ಟೇ, ಉಳಿದದ್ದು ಗುತ್ತಿಗೆದಾರನಿಗೆ ಬಿಟ್ಟದ್ದು" ಎಂದು ಸಂಘಟಕರು ನಿಶ್ಚಿಂತರಾಗಿ ಕೂಡುವ ಕಾಲ ಮುಗಿದಿದೆ. ಅನುಮತಿ ಕೊಟ್ಟ ಕಚೇರಿಗಳೂ ಪಾರಾಗಲಿಲ್ಲ ಎಂಬುದು ಇಲ್ಲಿನ ಎರಡನೆಯ ಪಾಠ.

ಮೊತ್ತದ ಅಂದಾಜಿಗೆ ದೆಹಲಿಯ ಉಪಹಾರ್ ಚಿತ್ರಮಂದಿರದ ಪ್ರಕರಣ ನೆರವಾಗುತ್ತದೆ. 1997ರ ಜೂನ್ 13ರಂದು 59 ಮಂದಿ ಮಡಿದ ಆ ದುರಂತದಲ್ಲಿ ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ನಿಗದಿಪಡಿಸಿದ ಪರಿಹಾರ, 20 ವರ್ಷ ಮೀರಿದವರಿಗೆ 10 ಲಕ್ಷ ರೂ., ಉಳಿದವರಿಗೆ 7.5 ಲಕ್ಷ ರೂ. ಆ ಹಳೆಯ ಅಳತೆಯಲ್ಲಿಯೇ ನೋಡಿದರೂ ಐವರ ಜೀವಹಾನಿಗೆ 50 ಲಕ್ಷ ರೂಪಾಯಿ ಬೇಕಾಗುತ್ತದೆ. 5 ಲಕ್ಷದ ಪಾಲಿಸಿಯೊಂದನ್ನು ಚೌಕಟ್ಟು ಹಾಕಿಸಿ ಟಿಕೆಟ್ ಕೌಂಟರಿನಲ್ಲಿ ತೂಗುಹಾಕಿದರೆ ಅದು ಅಲಂಕಾರವೇ ಹೊರತು ರಕ್ಷಣೆಯಲ್ಲ.

ಮೂಲದೋಷ ಹರಾಜಿನಲ್ಲಿದೆ

ಇಷ್ಟೆಲ್ಲ ತಿಳಿದ ಮೇಲೂ ಮಾಲೀಕರು ವಿಮೆ ಮಾಡಿಸದಿರುವುದೇಕೆ? ಅಜ್ಞಾನ ಒಂದು ಕಾರಣ. ಆದರೆ ಅದು ಮುಖ್ಯ ಕಾರಣವಲ್ಲ.

ಜಾತ್ರೆಯ ನೆಲವನ್ನು ಸಾಮಾನ್ಯವಾಗಿ ಗ್ರಾಮ ಪಂಚಾಯಿತಿ, ಸ್ಥಳೀಯ ಸಂಸ್ಥೆ ಅಥವಾ ದೇವಸ್ಥಾನದ ಆಡಳಿತದವರು ಬಹಿರಂಗ ಹರಾಜಿನಲ್ಲಿ ಕೊಡುತ್ತಾರೆ. ಹೆಚ್ಚು ಕೂಗಿದವನಿಗೆ ನೆಲ. ವಿಮೆ ಇದೆಯೇ, ಯಂತ್ರ ಪರೀಕ್ಷೆಯಾಗಿದೆಯೇ ಎಂಬ ಪ್ರಶ್ನೆ ಹರಾಜಿನ ಕಟ್ಟೆಯಲ್ಲಿ ಏಳುವುದೇ ಅಪರೂಪ. ಇಬ್ಬರು ಮಾಲೀಕರನ್ನು ಕಲ್ಪಿಸಿಕೊಳ್ಳಬಹುದು. ಒಬ್ಬ ಪ್ರಾಮಾಣಿಕವಾಗಿ ನಾಲ್ಕೂ ಪಾಲಿಸಿ ಮಾಡಿಸಿ, ಆ ಖರ್ಚನ್ನು ಕಳೆದು 2,00,000 ರೂಪಾಯಿ ಕೂಗುತ್ತಾನೆ. ಇನ್ನೊಬ್ಬನಿಗೆ ಆ ಖರ್ಚಿಲ್ಲದ ಕಾರಣ 2,10,000ಕ್ಕೆ ಕೂಗುತ್ತಾನೆ. ನೆಲ ಎರಡನೆಯವನ ಪಾಲಾಗುತ್ತದೆ. ವಿಮೆ ಮಾಡಿಸಿದವನು ಜಾತ್ರೆಯನ್ನೇ ಕಳೆದುಕೊಳ್ಳುತ್ತಾನೆ. ಮುಂದಿನ ವರ್ಷ ಅವನೂ ವಿಮೆ ಮಾಡಿಸುವುದಿಲ್ಲ. ಹರಾಜು ನಡೆಸಿದವರಿಗೆ ಸಿಕ್ಕ ಆ 10,000 ರೂಪಾಯಿ ಹೆಚ್ಚುವರಿ ಆದಾಯವು ನಿಜದಲ್ಲಿ ಮಕ್ಕಳ ಸುರಕ್ಷತೆಯನ್ನು ಮಾರಿ ಬಂದ ಹಣ.

ಆದುದರಿಂದ ಪರಿಹಾರವೂ ಹರಾಜಿನ ಷರತ್ತುಗಳಿಂದಲೇ ಆರಂಭವಾಗಬೇಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಜಾತ್ರೆ ಹಾಗೂ ವಸ್ತುಪ್ರದರ್ಶನದ ನೆಲ ಹರಾಜು ಹಾಕುವ ಪ್ರತಿಯೊಂದು ಸಂಸ್ಥೆಯೂ ನಾಲ್ಕು ಷರತ್ತುಗಳನ್ನು ಮುಂಚಿತವಾಗಿಯೇ ಪ್ರಕಟಿಸಬೇಕು. ಒಂದು, ಯಂತ್ರಗಳ ಸಂಖ್ಯೆ ಮತ್ತು ಗಾತ್ರಕ್ಕೆ ತಕ್ಕಂತೆ ನಿಗದಿಪಡಿಸಿದ ಕನಿಷ್ಠ ಮೊತ್ತದ ಸಾರ್ವಜನಿಕ ಹೊಣೆಗಾರಿಕೆ ಪಾಲಿಸಿ, ಅದರಲ್ಲಿ ಸಂಘಟಕರ ಹೆಸರಿನ ಸೇರ್ಪಡೆ. ಎರಡು, ಕೆಲಸಗಾರರ ಪರಿಹಾರ ಪಾಲಿಸಿಯ ಪ್ರತಿ. ಮೂರು, ಆ ಊರಿನಲ್ಲಿ ಯಂತ್ರ ಜೋಡಿಸಿದ ಮೇಲೆ ಅರ್ಹ ಎಂಜಿನಿಯರ್ ಒಬ್ಬರು ಪರೀಕ್ಷಿಸಿ ನೀಡಿದ ಪ್ರಮಾಣಪತ್ರ. ಹಿಂದಿನ ಊರಿನ ಪ್ರಮಾಣಪತ್ರ ಇಲ್ಲಿ ಸಲ್ಲದು. ನಾಲ್ಕು, ಅಗ್ನಿಶಾಮಕ ಮತ್ತು ವಿದ್ಯುತ್ ಪರಿವೀಕ್ಷಣೆಯ ಕಾಗದಗಳು. ತಾತ್ಕಾಲಿಕ ಡೇರೆ-ಪೆಂಡಾಲುಗಳ ಅಗ್ನಿ ಸುರಕ್ಷತೆಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 8758 ಎಂಬ ಮಾರ್ಗಸೂಚಿ ಈಗಾಗಲೇ ಇದೆ. ಹೊಸದಾಗಿ ಬರೆಯಬೇಕಾದುದೇನೂ ಇಲ್ಲ. ಎಲ್ಲ ಕೂಗುದಾರರಿಗೂ ಒಂದೇ ಷರತ್ತಾದಾಗ ವಿಮೆ ಮಾಡಿಸುವವನು ಸೋಲುವ ಪ್ರಸಂಗ ತಪ್ಪುತ್ತದೆ.

ಆಕ್ಷೇಪಣೆಗಳು

ಇದರಿಂದ ಸಣ್ಣ ಮಾಲೀಕರು ಕಸುಬು ಬಿಡಬೇಕಾಗುತ್ತದೆ ಎಂಬ ಆಕ್ಷೇಪಣೆ ಬರುವುದು ಸಹಜ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೈಯಿಂದ ತಿರುಗಿಸುವ ಪುಟ್ಟ ತೊಟ್ಟಿಲೊಂದನ್ನು ನೆಚ್ಚಿಕೊಂಡ ಕುಟುಂಬಕ್ಕೂ, ಹತ್ತು ದೊಡ್ಡ ಯಂತ್ರಗಳ ಮಾಲೀಕನಿಗೂ ಒಂದೇ ಷರತ್ತು ವಿಧಿಸುವುದು ಅನ್ಯಾಯ. ಮೊತ್ತವನ್ನು ಯಂತ್ರದ ಎತ್ತರ, ಆಸನಗಳ ಸಂಖ್ಯೆ ಇವುಗಳಿಗೆ ಅನುಗುಣವಾಗಿ ಶ್ರೇಣೀಕರಿಸಬೇಕು. ಕೈತೊಟ್ಟಿಲಿನವರ ಹೊಣೆಯನ್ನು ಸಂಘಟಕರು ತಮ್ಮದೇ ಪಾಲಿಸಿಯಲ್ಲಿ ಸೇರಿಸಿಕೊಳ್ಳಬೇಕು.

ದೊಡ್ಡ ಯಂತ್ರಗಳ ಮಟ್ಟಿಗೆ ಖರ್ಚಿನ ಭಯ ಲೆಕ್ಕಕ್ಕೆ ನಿಲ್ಲುವುದಿಲ್ಲ. ಕೇವಲ ಉದಾಹರಣೆಗಾಗಿ, ಎಲ್ಲ ಪಾಲಿಸಿಗಳೂ ಸೇರಿ ವರ್ಷಕ್ಕೆ 90,000 ರೂಪಾಯಿ ಪ್ರೀಮಿಯಂ ಆಗುತ್ತದೆಂದು ಇಟ್ಟುಕೊಂಡರೆ, ಶೇ. 18ರ ಸರಕು ಮತ್ತು ಸೇವಾ ತೆರಿಗೆ ಸೇರಿ 1,06,200 ರೂಪಾಯಿ. ವರ್ಷದಲ್ಲಿ 120 ದಿನ, ದಿನಕ್ಕೆ 600 ಟಿಕೆಟ್‌ನಂತೆ 72,000 ಟಿಕೆಟ್ ಮಾರಾಟವಾದರೆ ಪ್ರತಿ ಟಿಕೆಟ್‌ಗೆ ಬೀಳುವ ಹೊರೆ ಒಂದೂವರೆ ರೂಪಾಯಿಗಿಂತ ಕಡಿಮೆ. 50 ರೂಪಾಯಿಯ ಟಿಕೆಟ್ ಆಗಿದ್ದಲ್ಲಿ ವಹಿವಾಟು 36 ಲಕ್ಷ ರೂಪಾಯಿಯಾಗುವುದರಿಂದ ತೆರಿಗೆಯಡಿ ನೋಂದಣಿ ಹೇಗೂ ಬೇಕು. ಆಗ ಪ್ರೀಮಿಯಂ ಮೇಲಿನ ತೆರಿಗೆಯನ್ನು ನಿಯಮಾನುಸಾರ ಹೊಂದಾಣಿಕೆ ಮಾಡಿಕೊಂಡರೆ ಹೊರೆ ಒಂದೂಕಾಲು ರೂಪಾಯಿಗೆ ಇಳಿಯುತ್ತದೆ. ಮಗುವಿನ ಕೈ ಹಿಡಿದು ಸಾಲಿನಲ್ಲಿ ನಿಂತ ಯಾವ ತಂದೆತಾಯಿ ಆ ಒಂದೂಕಾಲು ರೂಪಾಯಿಗೆ ಬೇಡವೆಂದಾರು?

ವಿಮಾ ಕಂಪನಿಗಳೇ ಮುಂದೆ ಬರುವುದಿಲ್ಲ ಎಂಬುದು ಎರಡನೆಯ ಆಕ್ಷೇಪಣೆ. ಇದರಲ್ಲಿ ತಥ್ಯವಿದೆ. 2007ರ ಜನವರಿಯಲ್ಲಿ ಸಾಮಾನ್ಯ ವಿಮೆಯ ಏಕರೂಪ ದರಪಟ್ಟಿ ತೆರವಾದ ಮೇಲೆ ಯಾವ ಅಪಾಯವನ್ನು ಯಾವ ದರಕ್ಕೆ ಒಪ್ಪಬೇಕೆಂಬುದು ಬಹುಮಟ್ಟಿಗೆ ಆಯಾ ಕಂಪನಿಯ ವಿವೇಚನೆಗೆ ಬಿಟ್ಟದ್ದು. ಒಂಟಿಯಾಗಿ ಶಾಖೆಯ ಬಾಗಿಲಿಗೆ ಹೋದ ಮಾಲೀಕ ಬರಿಗೈಯಲ್ಲಿ ಹಿಂದಿರುಗುವುದು ಆಶ್ಚರ್ಯವಲ್ಲ. ಇಲ್ಲಿಯೇ ವಾಣಿಜ್ಯ ಸಂಸ್ಥೆಗಳ ಕರ್ತವ್ಯ ಆರಂಭವಾಗುತ್ತದೆ. ನಾಲ್ಕು ತಾಲ್ಲೂಕುಗಳಲ್ಲಿ ಸಂಚರಿಸುವ ಮಾಲೀಕರನ್ನು ಒಂದೆಡೆ ಸೇರಿಸಿ, ಒಂದೇ ನಮೂನೆಯ ಪರೀಕ್ಷಾ ಪ್ರಮಾಣಪತ್ರ ಮತ್ತು ಆಸ್ತಿ ವಹಿಯನ್ನು ರೂಢಿಗೆ ತಂದು, ಸಾರ್ವಜನಿಕ ರಂಗದ ನಾಲ್ಕು ಸಾಮಾನ್ಯ ವಿಮಾ ಕಂಪನಿಗಳಿಂದಲೂ ಖಾಸಗಿ ಕಂಪನಿಗಳಿಂದಲೂ ಒಟ್ಟಾಗಿ ದರಪಟ್ಟಿ ಕೇಳಬೇಕು. ವಿಮಾ ಏಜೆಂಟರು ಕಂಪನಿಯ ಪ್ರತಿನಿಧಿಗಳು. ಪರವಾನಗಿ ಪಡೆದ ವಿಮಾ ಬ್ರೋಕರ್ ಗ್ರಾಹಕನ ಪರವಾಗಿ ಕೆಲಸ ಮಾಡುವವನು. ಈ ವ್ಯತ್ಯಾಸವನ್ನು ಬಳಸಿಕೊಳ್ಳಬೇಕು. ಪರಿಹಾರ ನಿರಾಕರಣೆಯಾದಾಗ ಏಕವ್ಯಕ್ತಿ ಮಾಲೀಕತ್ವದ ಹಾಗೂ ಸೂಕ್ಷ್ಮ ಉದ್ಯಮಗಳು ವಿಮಾ ಓಂಬುಡ್ಸ್‌ಮನ್ ಬಳಿಗೆ ಶುಲ್ಕವಿಲ್ಲದೆ ಹೋಗಬಹುದು. ಅವರು ಕೊಡಿಸಬಹುದಾದ ಪರಿಹಾರದ ಮಿತಿಯನ್ನು 2023ರಲ್ಲಿ 50 ಲಕ್ಷ ರೂಪಾಯಿಗೆ ಏರಿಸಲಾಗಿದೆ.

ವಿಮೆ ಇದ್ದರೆ ಮಾಲೀಕರಿಗೆ ಅಜಾಗರೂಕತೆ ಬರುತ್ತದೆ ಎಂಬುದು ಮೂರನೆಯ ಮಾತು. ವಿಮೆ ಹಣದ ಹೊಣೆಯನ್ನು ಹೊರಬಲ್ಲದೇ ಹೊರತು ಜೈಲಿನ ಹೊಣೆಯನ್ನಲ್ಲ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದವನ ಮೇಲೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಪ್ರಕರಣದಡಿ ಮೊಕದ್ದಮೆ ನಡೆದೇ ನಡೆಯುತ್ತದೆ. ಪ್ರೀಮಿಯಂ ರಸೀದಿ ಅಲ್ಲಿ ಉತ್ತರವಾಗದು.

ಅಂಗಡಿಯವರಿಗೂ ತಯಾರಕರಿಗೂ

ಇದು ತೊಟ್ಟಿಲಿನವರ ಸಮಸ್ಯೆ, ಉಳಿದ ವರ್ತಕರಿಗೇನು ಎಂದು ಕೇಳುವವರು ಮೊದಲು ತಮ್ಮ ಪಾಲಿಸಿಯ ವಿಳಾಸವನ್ನು ಓದಿಕೊಳ್ಳುವುದು ಒಳಿತು. ಕೋಲಾರದ ಪೇಟೆಯ ಅಂಗಡಿಗೆ ವಿಮೆ ಮಾಡಿಸಿದ ಬಟ್ಟೆ ವ್ಯಾಪಾರಿ ಅರ್ಧ ದಾಸ್ತಾನನ್ನು ಜಾತ್ರೆಯ ಮಳಿಗೆಗೆ ಸಾಗಿಸಿದರೆ ಆ ಅರ್ಧಕ್ಕೆ ರಕ್ಷಣೆ ಇದೆಯೇ? ಶ್ರೀನಿವಾಸಪುರದಲ್ಲಿ ಮಾವಿನ ಕಾಲಕ್ಕೆಂದು ಹಾಕುವ ತಾತ್ಕಾಲಿಕ ಚಪ್ಪರಗಳು, ಅವುಗಳ ಕೆಳಗಿನ ಪೆಟ್ಟಿಗೆ, ಹುಲ್ಲು, ತೂಕದ ಯಂತ್ರಗಳು ಯಾವ ಪಾಲಿಸಿಯಲ್ಲಿವೆ? ಸ್ಥಳ ಬದಲಿಸುವ ಪ್ರತಿಯೊಂದು ವ್ಯಾಪಾರಕ್ಕೂ ಜಾತ್ರೆಯ ಚಕ್ರದ ಪ್ರಶ್ನೆಯೇ ಪ್ರಶ್ನೆ.

ಮಾಲೂರಿನ ಮತ್ತು ಸುತ್ತಲಿನ ಕೈಗಾರಿಕಾ ಪ್ರದೇಶಗಳ ಸಣ್ಣ ತಯಾರಕರಿಗಂತೂ ವಿಷಯ ಇನ್ನೂ ಹತ್ತಿರದ್ದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯ 2020ರ ಜುಲೈನಿಂದ ಜಾರಿಯಲ್ಲಿದೆ. ಅದರಂತೆ ದೋಷಯುಕ್ತ ವಸ್ತುವಿನಿಂದಾದ ಹಾನಿಗೆ ಅದನ್ನು ತಯಾರಿಸಿದವನನ್ನೇ ನೇರವಾಗಿ ಪ್ರಶ್ನಿಸಬಹುದು. ಚಕ್ರದ ಅಚ್ಚು ಎರಕ ಹೊಯ್ದವನೂ, ತೊಟ್ಟಿಲಿಗೆ ಕಬ್ಬಿಣ ಬೆಸೆದವನೂ, ದುರಸ್ತಿ ಮಾಡಿಕೊಟ್ಟವನೂ ಇದರ ವ್ಯಾಪ್ತಿಗೆ ಬರುವ ಸಾಧ್ಯತೆಯಿದೆ. ಯಾವ ಭಾಗವನ್ನು ಯಾವ ದಿನ, ಯಾವ ದರ್ಜೆಯ ಉಕ್ಕಿನಲ್ಲಿ, ಎಷ್ಟು ಭಾರಕ್ಕೆಂದು ಮಾಡಿಕೊಟ್ಟೆವೆಂಬ ದಾಖಲೆ ಇಟ್ಟುಕೊಳ್ಳದ ಕಾರ್ಖಾನೆಗೆ ಅಂದು ರಕ್ಷಣೆ ಕಷ್ಟ.

'ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು' ಎಂಬ ಗಾದೆ ಈ ನಾಡಿನದೇ. ಪ್ರತಿ ದುರಂತದ ಮರುದಿನ ಅಧಿಕಾರಿಗಳು ಯಂತ್ರಗಳನ್ನು ನಿಲ್ಲಿಸುತ್ತಾರೆ, ಒಂದು ತಿಂಗಳು ಕಾಗದ ಕೇಳುತ್ತಾರೆ, ಮುಂದಿನ ಋತುವಿನಲ್ಲಿ ಮರೆಯುತ್ತಾರೆ. ಅದಕ್ಕಿಂತ, ಬರುವ ಶಿವರಾತ್ರಿಯ ಹರಾಜಿಗೆ ಮುನ್ನವೇ ಈ ನಾಲ್ಕು ತಾಲ್ಲೂಕುಗಳ ವರ್ತಕ ಸಂಘಗಳು, ಜಾತ್ರಾ ಸಮಿತಿಗಳು ಹಾಗೂ ತಾಲ್ಲೂಕು ಆಡಳಿತ ಒಂದು ಮೇಜಿನ ಸುತ್ತ ಕುಳಿತು ಷರತ್ತುಗಳ ಒಂದು ಪುಟವನ್ನು ಬರೆದು ಪ್ರಕಟಿಸುವುದು ಸುಲಭ. ಜಾತ್ರೆಗೆ ಬಂದ ಮಗು ತೊಟ್ಟಿಲನ್ನೇರುವಾಗ ಅದರ ಮಾಲೀಕ ಯಾರು, ಗುತ್ತಿಗೆದಾರ ಯಾರು ಎಂದು ಕೇಳುವುದಿಲ್ಲ. ದೊಡ್ಡವರು ಅದನ್ನೆಲ್ಲ ಮೊದಲೇ ಕೇಳಿದ್ದಾರೆಂದೇ ಅದು ನಂಬಿರುತ್ತದೆ.